ಎರಡು ಕಡೆ ಒಂದೇ ಹೆಸರು

"ಇಲ್ಲೊಂದು ಮಿಸ್ಟೇಕು ಇದೆ ಮೇಡಂ," ಅಂದ ಅನುರಾಗ್, ಒಂದು ಹುಬ್ಬು ಮಾತ್ರ ಏರಿಸಿ. ಸಂಯುಕ್ತಾಗೆ ಆ ಹುಬ್ಬು ಕಂಡರೆ ಸಾಕು, ನಗು ಬರುತ್ತಿತ್ತು. "ನಿನ್ನ ಅಮ್ಮನ ಅಮ್ಮ ಸಣ್ಣತಾಯಮ್ಮ. ಅಪ್ಪನ ಅಕ್ಕನೂ ಸಣ್ಣತಾಯಮ್ಮ ಅಂತ ಬರೆಸಿದೀಯ."

ಇವತ್ತು ನಗು ಬರಲಿಲ್ಲ.

ಅಮೆರಿಕದ ಡಬ್ಲಿನ್‌ನ ಅಪಾರ್ಟ್‌ಮೆಂಟಿನಲ್ಲಿ ಶನಿವಾರ ಬೆಳಗ್ಗೆ ಎಂಟು ಗಂಟೆ. ಮದುವೆಯ ವೆಬ್‌ಸೈಟಿಗೆ ವಂಶವೃಕ್ಷ ಹಾಕೋಣ ಅಂದವನು ಅವನೇ. ಅಲ್ಲೇ ಹತ್ತಿರದ ಯೂನಿಯನ್ ಸಿಟಿಯಲ್ಲಿ ಹುಟ್ಟಿ ಬೆಳೆದವನು. ಇದೊಂದನ್ನು ಅವನಿಗೆ ಹೇಳದೆ ಅವಳು ಎರಡು ವರ್ಷ ತಳ್ಳಿದ್ದಳು.

"ಇಬ್ಬರೂ ಒಬ್ಬರೇ," ಅಂದಳು. "ಅಪ್ಪ ಅಮ್ಮನಿಗೆ ಸೋದರಮಾವ. ಮೈಸೂರಲ್ಲಿ ನಮ್ಮ ಕಡೆ ಸಾಮಾನ್ಯ."

"ಅಂಕಲ್? ರಿಯಲ್ ಅಂಕಲ್?" ಅವನ ಮುಖ ಒಂದು ಕ್ಷಣ ಸಿಂಡರಿಸಿತು. "ಇಲ್ಲಿ ಅದು ಲೀಗಲ್ಲೇ ಅಲ್ಲ, ಸಂಯು."

ಅವನು ಕಾರಿನ ಕೀ ತಗೊಂಡ. "ಗ್ರೋಸರಿಗೆ ಹೋಗ್ಬರ್ತೀನಿ."

ಬಾಗಿಲು ಮುಚ್ಚಿತು. ಇನ್ನು ವಾಪಸು ಬರುತ್ತಾನೋ ಇಲ್ಲವೋ. ಅವಳು ಮೈಸೂರಿಗೆ ಫೋನ್ ಮಾಡಿದಳು.

"ಅಮ್ಮ, ನೀನು ಅಪ್ಪನ್ನ ಮದುವೆಯಾಗಿದ್ದು ಸರಿನಾ?"

"ಇದೇನೇ ಪ್ರಶ್ನೆ?" ಅಂದರು ಅಮ್ಮ. "ಆಗ ಎಲ್ಲಾ ಮನೆಲೂ ಹಂಗೇ ಇತ್ತು. ಮಾವ ಇರುವಾಗ ಹೊರಗೆ ಕೊಟ್ಟಿದ್ರೆ ಜನ ಆಡಿಕೊಳ್ಳೋರು."

"ನಿನ್ನನ್ನ ಯಾರಾದ್ರೂ ಕೇಳಿದ್ರಾ?"

"ಯಾವ ಬಣ್ಣದ ಸೀರೆ ಬೇಕು ಅಂತ ಕೇಳಿದ್ರು." ಆಮೇಲೆ ಮೆಲ್ಲಗೆ, "ನಿಮ್ಮಪ್ಪ ಒಳ್ಳೇವರು. ಆದ್ರೂ ಎರಡು ವರ್ಷ ಹೆದರಿಕೊಂಡೇ ಇದ್ದೆ. ಎತ್ತಿಕೊಂಡು ಆಡಿಸಿದ ಮಾವ ಅಲ್ವಾ."

ಸಂಯುಕ್ತಾ ಕಣ್ಣು ಮುಚ್ಚಿ ಹೇಳಿಬಿಟ್ಟಳು. "ಅಮ್ಮ, ನಾನು ಅನುರಾಗ್ ಒಂದು ವರ್ಷದಿಂದ ಒಂದೇ ಮನೇಲಿದೀವಿ."

ಆಚೆ ಕಡೆ ಅಮ್ಮ ಟಿವಿ ಆರಿಸಿದ್ದು ಕೇಳಿಸಿತು.

"ಅವನು ನಿನ್ನ ಕೇಳಿದ್ನಾ?"

"ಎರಡು ಸಲ. ಮೊದಲ ಸಲ ಬೇಡ ಅಂದೆ. ಕಾದ."

"ನಮ್ಮೋರು ಏನಂತಾರೆ ಅಂತ ನಂಗೆ ಗೊತ್ತು," ಅಂದರು ಅಮ್ಮ. "ಆದ್ರೆ ನಿನ್ನದ್ರಲ್ಲಿ ಏನು ತಪ್ಪು ಅಂತ ಹುಡುಕ್ತಾ ಇದೀನಿ, ಸಿಗ್ತಿಲ್ಲ. ಅಪ್ಪಂಗೆ ನಾನೇ ಹೇಳ್ತೀನಿ. ನೀನು ಸುಮ್ನಿರು."

ಅನುರಾಗ್ ಬಂದಾಗ ಹತ್ತಾಗಿತ್ತು. ಕೈ ಖಾಲಿ.

"ಹೋಗ್ಲೇ ಇಲ್ಲ. ಕೆಳಗೆ ಕಾರಲ್ಲೇ ಕೂತಿದ್ದೆ." ಬಾಗಿಲಲ್ಲೇ ನಿಂತ. "ನೀನು ಹೇಳಿದ ತಕ್ಷಣ ಛೀ ಅನ್ನಿಸ್ತು. ನಿನ್ನ ಅಪ್ಪ ಅಮ್ಮನ್ನ ನಾನು ನೋಡೇ ಇಲ್ಲ. ಆ ಛೀ ನನ್ನದಾ, ಈ ಊರಿನದಾ, ಗೊತ್ತಾಗ್ಲಿಲ್ಲ. ಭಯ ಆಯ್ತು."

"ಮುಚ್ಚಿಟ್ಟಿದ್ದು ನನ್ನ ತಪ್ಪು. ಅದು ಯಾವ ಊರಲ್ಲಾದ್ರೂ ತಪ್ಪೇ," ಅಂದಳು.

ಅವನು ಬಳಿ ಬಂದು ಕೂತ. ಮುಟ್ಟಲಿಲ್ಲ.

"ಈ ಸಲ ನಾನು ಕೇಳ್ತೀನಿ," ಅಂದಳು. "ಇಂಥ ಮನೆಯವಳು ನಾನು. ಬೇಕಾ? ಬೇಡ ಅಂದ್ರೂ ಸರಿ. ಯೋಚಿಸಿ ಹೇಳು."

ಅವನು ಯೋಚಿಸಿದ. ನಿಜಕ್ಕೂ ಯೋಚಿಸಿದ. ಆ ಒಂದು ನಿಮಿಷ ಅವಳ ಜನ್ಮದಲ್ಲೇ ಉದ್ದದ್ದು. ಆದರೂ ನಡುವೆ ಬಾಯಿ ಹಾಕಲಿಲ್ಲ.

"ಹೂಂ," ಅಂದ. ಅವಳ ಕೈ ಹಿಡಿದುಕೊಂಡ. "ಬೇಕು."