ನಲವತ್ತು ಸಾವಿರ ಪಿಸ್ತೂಲಿಗೆ ಒಂದೇ ಕೈ

ಪಿಸ್ತೂಲ್ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಅವನು ಅವಳ ಬಲಗೈಯನ್ನು ಗ್ರಾಫ್ ಶೀಟಿನ ಮೇಲಿರಿಸಿ, ಬೆರಳುಗಳ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದಿದ್ದ. ಉಂಗುರದ ಬೆರಳಿನ ಹತ್ತಿರ ಪೆನ್ಸಿಲ್ ಒಂದು ಕ್ಷಣ ನಿಂತಿತ್ತು. ಅಷ್ಟೇ ಸಾಕಾಯಿತು. ಪಿಸ್ತೂಲುಗಳಿಗೆ ಬೆಲೆ ಕಟ್ಟುವ ರೇಟ್ ಸೆಕ್ಷನ್ನಿನ ಆ ಹುಡುಗಿಯ ಕಾಲು ಎಂಟು ದಿನ ನೆಲದ ಮೇಲೆ ನಿಲ್ಲಲಿಲ್ಲ.

"ಯಾಕ್ರೀ ಈ ಅಳತೆ?" ಎಂದು ಕೇಳಿದ್ದಳು.

"ಕ್ಲೈಮ್ಯಾಕ್ಸ್ ಮೊದಲೇ ಹೇಳಿಬಿಟ್ರೆ ಸಿನಿಮಾ ಯಾರ್ ನೋಡ್ತಾರೆ?" ಎಂದಿದ್ದ ಡಿಸೈನ್ ಸೆಕ್ಷನ್ನಿನವನು. ಎಲ್ಲರೂ ಅವನನ್ನು ಹೀರೋ ಅಂತಲೇ ಕರೆಯುತ್ತಿದ್ದರು. ಫೈಲ್ ತರಲು ಹೋದರೂ ಸ್ಲೋ ಮೋಷನ್.

ಕ್ಲೈಮ್ಯಾಕ್ಸ್ ಬಂದದ್ದು ಮುಂದಿನ ವರ್ಷಕ್ಕೆ ಪ್ಲಾನ್ ಹಾಕುವ ಮೀಟಿಂಗಿನಲ್ಲಿ. ಸೇಲ್ಸ್ ಮ್ಯಾನೇಜರ್ ಪರದೆಯ ಮೇಲೆ ಒಂದು ಪುಟ್ಟ ಗುಲಾಬಿ ಪಿಸ್ತೂಲ್ ತೋರಿಸಿದರು, ಮೊಮ್ಮಗುವಿನ ಫೋಟೋ ತೋರಿಸುವ ಮುಖ ಮಾಡಿಕೊಂಡು.

"ಲೇಡೀಸ್ ಮಾಡೆಲ್. ಮೊದಲ ವರ್ಷ ನಲವತ್ತು ಸಾವಿರ ಪೀಸು. ನಮ್ಮ ಕಪ್ಪು ಪಿಸ್ತೂಲಿಗಿಂತ ಈ ಪಿಂಕ್ ಪಿಸ್ತೂಲಿಗೆ ಎರಡು ಸಾವಿರ ಜಾಸ್ತಿ. ತಾಯಿ-ಮಗಳು ಜೋಡಿಯಾಗಿ ತಗೊಂಡ್ರೆ ಎರಡನೇದಕ್ಕೆ ಅರ್ಧ ರೇಟು. ಏನಮ್ಮಾ, ನಿನ್ನ ರೇಟ್ ಶೀಟಲ್ಲಿ ಲೆಕ್ಕ ಕೂಡುತ್ತಲ್ಲ?"

ಮುಂದಿನ ಚಿತ್ರದಲ್ಲಿ ಪಿಸ್ತೂಲಿನ ಹಿಡಿಯ ಅಳತೆ. ಗ್ರಾಫ್ ಶೀಟು. ಕಿರುಬೆರಳು ಹೊರಕ್ಕೆ ಬಾಗಿದ ಕೈ. ಅವಳದೇ.

ಮೇಜಿನ ಆಚೆಯಿಂದ ಹೀರೋ, ಹೇಗಿದೆ ಎನ್ನುವಂತೆ ಹುಬ್ಬು ಹಾರಿಸಿದ. ಅವಳು ತನ್ನ ಬಲಗೈಯನ್ನು ಮೇಜಿನ ಕೆಳಕ್ಕೆ ಎಳೆದುಕೊಂಡಳು.

ಟೀ ಬ್ರೇಕಿನಲ್ಲಿ ಮೆಟ್ಟಿಲ ಬಳಿ ಅವನೇ ಅಡ್ಡ ಬಂದ.

"ಮಾತೇ ಇಲ್ವಲ್ಲ? ನಿಮ್ಮ ಕೈನ ಅಮರ ಮಾಡಿದೀನಿ."

"ದೂರ ನಿಂತ್ಕೊಳ್ಳಿ. ವಾಂತಿ ಬರೋ ಹಾಗಿದೆ."

"ಅಯ್ಯೋ, ಇದು ಪ್ರೀತಿ ಕಣ್ರೀ."

"ನಲವತ್ತು ಸಾವಿರ ಸಲ ನನ್ನ ಕೈ ಯಾರಿಗೋ ಗುರಿ ಇಡುತ್ತೆ. ಗಂಡನಿಗೋ, ಪಕ್ಕದ್ಮನೆಯವನಿಗೋ, ಆಟ ಆಡ್ತಿರೋ ಮಗೂಗೋ. ಅದಕ್ಕೆ ರೇಟನ್ನೂ ನಾನೇ ಕಟ್ಟಬೇಕು." ಅವಳ ದನಿ ಇಳಿಯಿತು. "ಉಂಗುರ ಅನ್ಕೊಂಡಿದ್ದೆ. ದಡ್ಡಿ ನಾನು."



"ನನಗೆ ಇದು ಹೊಳೀಲೇ ಇಲ್ಲ," ಎಂದ.

"ಅದಕ್ಕೇ ನನಗೆ ಅಸಹ್ಯ ಆಗ್ತಿರೋದು."

ಮೀಟಿಂಗ್ ಮತ್ತೆ ಶುರುವಾದಾಗ ಅವನು ಎದ್ದು ನಿಂತ. ಹೊಸ ಹಿಡಿಗೆ ನೂರು ಕೈಗಳ ಅಳತೆ ತೆಗೆಯಬೇಕೆಂದು ಕಂಪನಿಯ ನಿಯಮವಿತ್ತು. ಫಾರಂನಲ್ಲಿ ನೂರು ಕೈ ಅಳೆದಾಯಿತು ಎಂದು ಬರೆದವನು ಅವನೇ.

"ಸರ್, ಫಾರಂನಲ್ಲಿರೋ ನೂರು ಸುಳ್ಳು. ನಾನು ನೋಡಿದ್ದು ಒಂದೇ ಕೈ. ಮಿಕ್ಕ ತೊಂಬತ್ತೊಂಬತ್ತು ನನ್ನ ಕಣ್ಣಿಗೇ ಬೀಳಲಿಲ್ಲ."

"ಏನಯ್ಯಾ ಹೇಳ್ತಿದೀಯ? ಅಚ್ಚು ರೆಡಿಯಾಗಿ ಕೂತಿದೆ."

"ಒಡೆಸಿಬಿಡಿ ಸರ್. ಇನ್ನೊಂದು ಕೈ ನಾನು ಅಳೆಯಲ್ಲ."

ಪ್ಲಾನಿನಿಂದ ಪಿಂಕ್ ಪಿಸ್ತೂಲ್ ಹೋಯಿತು. ಸಂಜೆಯೊಳಗೆ ಅವನ ಕೆಲಸವೂ ಹೋಯಿತು. ಕಪ್ಪು ಪಿಸ್ತೂಲಿನ ರೇಟ್ ಶೀಟು ಮಾತ್ರ ಅವಳ ಮೇಜಿನ ಮೇಲೆ ಸಹಿಗೆ ಕಾಯುತ್ತಿತ್ತು. ಅದರ ಮೇಲೆ ತನ್ನ ರಾಜೀನಾಮೆ ಪತ್ರವನ್ನಿಟ್ಟು ಅವಳು ಹೊರಗೆ ಬಂದಳು.

ಬಸ್ ಸ್ಟಾಪಿನ ಕಂಬಕ್ಕೊರಗಿ ಅವನು ನಿಂತಿದ್ದ. ಈ ಸಲ ಸ್ಟೈಲ್ ಏನೂ ಇರಲಿಲ್ಲ. ಅವಳು ಹೋಗಿ ಅವನ ಪಕ್ಕದಲ್ಲೇ ನಿಂತಳು.

"ಕ್ಷಮಿಸಿದ್ರಾ?"

"ಇಲ್ಲ. ನಿಮ್ಮನ್ನ ನೋಡಿದ್ರೆ ಇನ್ನೂ ಹೊಟ್ಟೆ ತೊಳಸುತ್ತೆ."

"ಮತ್ತೆ ಯಾಕೆ ಇಷ್ಟು ಹತ್ರ ಬಂದು ನಿಂತಿದೀರಿ?"

"ಅದೇ ನನಗೂ ಗೊತ್ತಾಗ್ತಿಲ್ಲ. ಬಾಯಿ ಮುಚ್ಕೊಂಡು ನಿಂತಿರಿ ಸ್ವಲ್ಪ ಹೊತ್ತು."

ಅವಳ ಬಸ್ ಬಂತು, ಬಾಗಿಲು ತೆರೆಯಿತು, ಹೋಯಿತು.

ಅವಳು ಹತ್ತಲಿಲ್ಲ.