ನಡುಗುವ ಕೈಯ ಗೆರೆ

ಸಂಜೆ ಐದಕ್ಕೆ ಆ ಚೀಟಿ ಗೋಡೆಯಿಂದ ಇಳಿಯಬೇಕಿತ್ತು. ಆಗಲೇ ನಾಲ್ಕೂಮುಕ್ಕಾಲು. ಕಿಟಕಿಗೂ ಕುರ್ಚಿಗೂ ಎಷ್ಟು ಸಲ ಓಡಾಡಿದೆನೋ. ಲ್ಯಾಪ್‌ಟಾಪ್ ತೆರೆದೆ, ಮತ್ತೆ ಮುಚ್ಚಿದೆ.

ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯ ಮಹಡಿಯಲ್ಲಿ ನಾವು ಏಳೆಂಟು ಜನ ಪ್ರತಿ ಭಾನುವಾರ ಸೇರುತ್ತೇವೆ. ಲಿನಕ್ಸ್ ಎಂಬ ಉಚಿತ ತಂತ್ರಾಂಶದಲ್ಲಿ ನಡೆಯುವ ಕಂಪ್ಯೂಟರುಗಳಿಗೆ ಹೊಸ ಆ್ಯಪ್ ಬರೆದು, ಯಾರು ಬೇಕಾದರೂ ಬಳಸಲಿ, ತಿದ್ದಲಿ ಎಂದು ಬಿಟ್ಟುಬಿಡುತ್ತೇವೆ. ಐಡಿಯಾ ಇದ್ದವರು ಚೀಟಿ ಬರೆದು ಗೋಡೆಗೆ ಅಂಟಿಸಬೇಕು. ಮಾಡುವವರು ಅದರ ಕೆಳಗೆ ಹೆಸರು ಬರೆಯಬೇಕು. ಮೂರು ವಾರ ಯಾರೂ ಬರೆಯದಿದ್ದರೆ ಚೀಟಿ ಬುಟ್ಟಿಗೆ.

ಈ ಚೀಟಿ ಅವಳದು. ಅಮ್ಮನ ಹೊಲಿಗೆ ಅಂಗಡಿ ನೋಡಿಕೊಳ್ಳುವ ಅವಳ ಕೊರಳಲ್ಲಿ ಸದಾ ಅಳತೆಯ ಟೇಪು. ನಮಗೆಲ್ಲ ಅವಳ ಹೆಸರೂ ಟೇಪು. ಅಮ್ಮ ನಲವತ್ತು ವರ್ಷ ಕೋಟುಗಳ ನಕ್ಷೆ ಬರೆದವರು. ಈಗ ಕೈ ನಡುಗುತ್ತದೆ. ಮಗಳು ತಂದುಕೊಟ್ಟ ಕಂಪ್ಯೂಟರಿನಲ್ಲಿ ನಕ್ಷೆ ಬರೆಯಲು ಮೌಸ್ ಹಿಡಿದರೂ ಕೋಟಿನ ತೋಳಿನ ಗೆರೆ ಗರಗಸವಾಗುತ್ತದೆ. ‘ನಡುಕವನ್ನು ಮಾತ್ರ ತೆಗೆದು, ಅಮ್ಮ ಎಳೆಯಬೇಕೆಂದುಕೊಂಡ ಗೆರೆ ಉಳಿಸುವ ಆ್ಯಪ್ ಬೇಕು’ ಎಂದು ಬರೆದಿದ್ದಳು.

ಉಳಿದವರೆಲ್ಲ ಹೋಗಿಯಾಗಿತ್ತು. ಅಂಗಡಿಯ ಬೈಂಡರ್ ಅಣ್ಣ ಗಡಿಯಾರ ನೋಡಿದರು. “ಟೇಪು, ಯಾರೂ ಹೆಸರು ಹಾಕಿಲ್ಲಮ್ಮ.”

“ಗೊತ್ತಣ್ಣ. ನಾಳೆ ಆ ಕಂಪ್ಯೂಟರ್ ಯಾರಿಗಾದ್ರೂ ಕೊಟ್ಟುಬಿಡ್ತೀನಿ. ಅಮ್ಮ ಅದರ ಮುಂದೆ ಕೂತು ಅಳೋದು ಸಾಕು.” ನನ್ನತ್ತ ಓರೆಯಾಗಿ ನೋಡಿದಳು. “ಇಲ್ಲಿ ಕೆಲವರಿಗೆ ಬಾಯೂ ಇಲ್ಲ, ಪೆನ್ನೂ ಇಲ್ಲ.”

ಅವಳು ಚೀಟಿ ಕಿತ್ತಳು. ನಾನು ಎದ್ದ ರಭಸಕ್ಕೆ ಕುರ್ಚಿ ಮಗುಚಿತು.

“ಮಾಡಿದೀನಿ.”

“ಏನ್ ಮಾಡಿದೀರಿ?”

ಲ್ಯಾಪ್‌ಟಾಪ್ ಅವಳತ್ತ ತಿರುಗಿಸಿದೆ. ಪಕ್ಕದಲ್ಲಿ ಬಂದು ಕೂತಳು. “ಎಳೆದು ತೋರಿಸಿ.”

ಎಳೆದೆ. ತೋಳಿನ ಬಾಗು ನುಣ್ಣಗೆ ಮೂಡಿತು. ಆದರೆ ಅವಳ ಕಣ್ಣು ಪರದೆಯ ಮೇಲಿರಲಿಲ್ಲ, ಮೌಸಿನ ಮೇಲಿದ್ದ ನನ್ನ ಬೆರಳುಗಳ ಮೇಲಿತ್ತು.

“ನಿಮ್ಮ ಕೈ ಅಮ್ಮನ ಕೈಗಿಂತ ಜಾಸ್ತಿ ನಡುಗ್ತಿದೆಯಲ್ರೀ.” ತುಟಿಯಂಚು ಸಡಿಲಗೊಂಡಿತು, ಮರುಕ್ಷಣ ಬಿಗಿಯಾಯಿತು. “ಇದು ಯಾವಾಗ ಮುಗೀತು?”

ಸುಳ್ಳು ಹೇಳಬಹುದಿತ್ತು.

“ಎರಡು ವಾರ ಆಯ್ತು.”

“ಎರಡು ವಾರ! ಮತ್ತೆ ಹೆಸರು?”

“ಆ್ಯಪ್ ಸಿಕ್ಕಿದ್ಮೇಲೆ ನೀವು ಬರಲ್ಲ ಅನ್ನಿಸ್ತು. ಭಾನುವಾರ ಬಿಟ್ರೆ... ನನ್ನ ವಾರದಲ್ಲಿ ಬೇರೇನೂ ಇಲ್ಲ.”

ಬೈಂಡರ್ ಅಣ್ಣ ಕೆಮ್ಮಿದರು. “ಕೆಳಗೆ ಗೋಂದು ಒಣಗ್ತಿದೆ ಕಣ್ರಪ್ಪಾ,” ಎಂದು ಮೆಟ್ಟಿಲಿಳಿದರು.

ಅವಳು ಕಿತ್ತ ಚೀಟಿಯನ್ನು ಮಡಚಿ ಮಡಚಿ ಕಿರುಬೆರಳಷ್ಟು ಮಾಡಿದಳು.

“ಈ ಎರಡು ವಾರ ಅಮ್ಮ ಅತ್ತಿದಾಳೆ,” ಎಂದಳು ಕೊನೆಗೆ. “ಅದನ್ನ ಕ್ಷಮಿಸೋದು ನನ್ನ ಕೈಲಿಲ್ಲ. ಅವಳನ್ನೇ ಕೇಳ್ಬೇಕು.”

“ಯಾವಾಗ ಬರ್ಲಿ?”

“ಈಗ್ಲೇ. ಚೆನ್ನಾಗಿ ಬೈತಾಳೆ, ಮೊದಲೇ ಹೇಳಿರ್ತೀನಿ.”

“ನೀವು?”

“ಪಕ್ಕದಲ್ಲೇ ಕೂತು ಕೇಳ್ತೀನಿ.” ನನ್ನ ಲ್ಯಾಪ್‌ಟಾಪ್ ಎದೆಗವಚಿಕೊಂಡು ಮೆಟ್ಟಿಲ ಬಳಿ ನಿಂತಳು. “ಅಲ್ಲಾ, ನಾನು ಬರ್ತಿದ್ದದ್ದು ಆ್ಯಪಿಗೆ ಮಾತ್ರ ಅಂತ ನಿಮಗೆ ಹೇಳಿದವರು ಯಾರು?”

ಉತ್ತರಕ್ಕೆ ಕಾಯದೆ ಇಳಿದುಬಿಟ್ಟಳು. ನಾನು ಎರಡೆರಡು ಮೆಟ್ಟಿಲು ಹಾರುತ್ತಾ ಹಿಂದೆ ಓಡಿದೆ. ಬೈಸಿಕೊಳ್ಳಲು ಯಾರಾದರೂ ಇಷ್ಟು ಆತುರಪಟ್ಟದ್ದುಂಟೇ?