ಸಹಿ ಇಲ್ಲದ ಸದಸ್ಯ

"ಈ ಹೆಸರು ಯಾವಾಗ ಬರೆದಿದ್ದು?"

ವಿಮೆ ಕಂಪನಿಯ ಸರ್ವೇಯರನ ಬೆರಳು ಸದಸ್ಯರ ಪುಸ್ತಕದ ಒಂದು ಸಾಲಿನ ಮೇಲೆ ನಿಂತಿತ್ತು. ಎದುರಿಗಿದ್ದ ಸಂಘದ ಕಾರ್ಯದರ್ಶಿ ಕಣ್ಣು ತಪ್ಪಿಸಿದಳು.

"ಆವಾಗಲೇ... ಮೂರು ತಿಂಗಳಾಯ್ತು."

ಸುಳ್ಳು. ಬರೆದು ಆರು ದಿನವೂ ಆಗಿರಲಿಲ್ಲ.

ಅವನು ತಲೆಯೆತ್ತಿ ಅವಳ ಮುಖ ನೋಡಿದ. ಬೈಯುವ ನೋಟವಲ್ಲ, ನಂಬಿದ ನೋಟವೂ ಅಲ್ಲ. "ಸರಿ" ಎಂದು ಪುಸ್ತಕ ಮುಚ್ಚಿ, ಟೇಪು ಹಿಡಿದು ಮೆಟ್ಟಿಲು ಅಳೆಯಲು ಹೋದ. ಆ ಒಂದು "ಸರಿ" ಅವಳ ನಿದ್ದೆ ಕಿತ್ತುಕೊಂಡಿತು.

ಅವಳು ಬಟ್ಟೆ ಹೊಲಿಯುವವಳು. ವಯಸ್ಸು ಮೂವತ್ತಮೂರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಬಡಾವಣೆಯ ಮನೆಯವರ ಸಂಘಕ್ಕೆ ಕಾರ್ಯದರ್ಶಿಯಾದದ್ದು ಆಸೆಪಟ್ಟಲ್ಲ. ಸಭೆಯಲ್ಲಿ ಎಲ್ಲರೂ ನೆಲ ನೋಡುತ್ತಿದ್ದಾಗ ಇವಳೊಬ್ಬಳು ತಲೆ ಎತ್ತಿದ್ದಳು, ಅಷ್ಟೇ.

ಸಂಘಕ್ಕೆ ಸೇರಲೇಬೇಕೆಂಬ ಕಟ್ಟುಪಾಡಿರಲಿಲ್ಲ. ನಲವತ್ತು ಮನೆಗಳಲ್ಲಿ ಇಪ್ಪತ್ತಾರು ಸೇರಿದ್ದವು. ಒಂದು ಪಾರ್ಕು, ಅದರ ಕಲ್ಲಿನ ಮೆಟ್ಟಿಲು, ಒಂದು ಸಭೆಯ ಕೋಣೆ, ಇಷ್ಟು ಅವರೆಲ್ಲರ ಜಂಟಿ ಆಸ್ತಿ. ಅಲ್ಲಿ ಯಾರಿಗಾದರೂ ಏಟಾದರೆ ಸಂಘವೇ ಹೊಣೆ. ಅದಕ್ಕೆಂದೇ ವರ್ಷವರ್ಷವೂ ಹೊಣೆಗಾರಿಕೆ ವಿಮೆ ಕಟ್ಟುತ್ತಿದ್ದರು.

ಸೇರದ ಮನೆಗಳಲ್ಲಿ ಒಂದು ಪೋಸ್ಟಜ್ಜನದು. ಊರಿಗೆಲ್ಲ ಕಾಗದ ಹಂಚಿ ನಿವೃತ್ತನಾದ ಮುದುಕ. "ನನ್ನ ಬಾಗಿಲು ನಾನೇ ಗುಡಿಸ್ಕೋತೀನಿ, ನನಗ್ಯಾಕೆ ನಿಮ್ಮ ಸಂಘ?" ಎನ್ನುತ್ತಲೇ ಇಪ್ಪತ್ತು ವರ್ಷ ಕಳೆದಿದ್ದ. ಪಾರ್ಕಿನ ಗಾಳಿಗೆ ಮಾತ್ರ ಒಂದು ದಿನವೂ ತಪ್ಪಿಸಿದವನಲ್ಲ. ಸರ್ವೇಯರ್ ಬರುವುದಕ್ಕೆ ಒಂದು ವಾರ ಮೊದಲು ಪಾರ್ಕಿನ ಮೆಟ್ಟಿಲು ಹತ್ತುತ್ತ ಕಂಬಿ ಹಿಡಿದ. ಕಂಬಿ ಕಿತ್ತು ಕೈಗೇ ಬಂತು. ಬಿದ್ದು ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಹೇಗೋ ಕೂಡಿಸಿದ್ದರು. ಆದರೆ ಮತ್ತೆ ನಡೆಯಬೇಕಾದರೆ ಇನ್ನೊಂದು ಆಪರೇಷನ್ ಆಗಬೇಕು, ಅದಕ್ಕೆ ಅಜ್ಜನ ಕೈ ಬರಿದು.

ಸಂಘಕ್ಕೆ ಸೇರಿದವರಿಗಷ್ಟೇ ವಿಮೆ ಸಿಗುತ್ತದೆ ಎಂದುಕೊಂಡಳು ಅವಳು. ಯಾರನ್ನೂ ಕೇಳಲಿಲ್ಲ. ಆಸ್ಪತ್ರೆಯಿಂದ ಬಂದವಳೇ, ಹಳೆಯ ಪುಟದ ಕೊನೆಯ ಖಾಲಿ ಸಾಲಿನಲ್ಲಿ, ಹಿಂದಿನ ತಾರೀಖು ಹಾಕಿ, ಅಜ್ಜನ ಹೆಸರು ಬರೆದುಬಿಟ್ಟಳು.

ಸರ್ವೇಯರ್ ಮತ್ತೆ ಬಂದ. ಕಂಬಿಯ ತುಕ್ಕಿನ ಫೋಟೊ ತೆಗೆದ. ಮತ್ತೊಂದು ದಿನ ಬಂದು ಅಜ್ಜನ ಹೇಳಿಕೆ ಬರೆದುಕೊಂಡ. ಪ್ರತಿ ಸಲವೂ ಹೋಗುವಾಗ ಅವಳ ಅಂಗಡಿಯ ಮುಂದೆ ನಿಲ್ಲುತ್ತಿದ್ದ.

"ಊಟ ಆಯ್ತಾ?" ಎಂದು ಕೇಳುತ್ತಿದ್ದ. ಕೇಸಿನ ವಿಷಯ ಒಂದು ಮಾತೂ ಇಲ್ಲ.

ಬಂದರೆ ಭಯ. ಬರದಿದ್ದರೆ ಬೀದಿಯ ಕಡೆಗೇ ಕಣ್ಣು. 'ಇದೇನು ಹುಚ್ಚು ನನಗೆ... ನನ್ನನ್ನು ಹಿಡಿಯೋಕೆ ಬಂದವನ ದಾರಿ ನಾನೇ ಕಾಯ್ತಿದ್ದೀನಲ್ಲ' ಎಂದು ಅವಳು ಮಷಿನ್ನನ್ನು ಇನ್ನೂ ಜೋರಾಗಿ ತುಳಿಯುವಳು.

ನಾಲ್ಕನೇ ಸಲ ಬಂದಾಗ ಅವನ ಚೀಲದ ಪಟ್ಟಿ ಕಿತ್ತುಹೋಗಿತ್ತು.

"ಕೊಡಿ ಇಲ್ಲಿ. ಹೀಗೆ ಜೋತು ಹಾಕ್ಕೊಂಡು ಊರೆಲ್ಲ ತಿರುಗ್ತೀರಲ್ಲ, ಮನೇಲಿ ಹೇಳೋರು ಯಾರೂ ಇಲ್ವಾ?"

"ಇಲ್ಲ," ಎಂದ ಅವನು. "ಹೇಳೋರಿಲ್ಲ ಅಂತಾನೇ ಹೀಗಿದ್ದೀನಿ."

ಅವಳು ತಲೆ ತಗ್ಗಿಸಿ ಹೊಲಿಗೆ ಹಾಕತೊಡಗಿದಳು. ಕಿವಿ ಬಿಸಿಯಾಗಿತ್ತು. ಅವನು ಮೆತ್ತಗೆ ಮಾತು ತೆಗೆದ.

"ಈ ವಿಮೆ ಸದಸ್ಯರಿಗೆ ಬರಲ್ಲ. ಹೊರಗಿನವರಿಗೆ ಮಾತ್ರ."

ಮಷಿನ್ ನಿಂತಿತು.

"ಅಂದ್ರೆ?"

"ಸದಸ್ಯರು ಅಂದ್ರೆ ಆ ಜಾಗದ ಒಡೆಯರೇ ಆದ್ರಲ್ಲ. ತಮ್ಮ ಮೆಟ್ಟಿಲಲ್ಲಿ ತಾವೇ ಬಿದ್ದ ಹಾಗೆ. ಅಜ್ಜ ಹೊರಗಿನವರಾಗಿದ್ರೆ ಪೂರ್ತಿ ಖರ್ಚು ಬರ್ತಿತ್ತು. ಆದ್ರೆ ಪುಸ್ತಕದಲ್ಲಿ ಅವರು ಸದಸ್ಯರು." ಸ್ವಲ್ಪ ತಡೆದು ಕೇಳಿದ, "ಇನ್ನೊಂದು ಸಲ ಕೇಳ್ತೀನಿ. ಆ ಹೆಸರು ಯಾವಾಗ ಬರೆದಿದ್ದು?"

ಅವಳು ಅಜ್ಜನನ್ನು ನಡೆಸಲು ಹೋಗಿ ಅಜ್ಜನ ಕಾಲಿಗೇ ಅಡ್ಡ ಬಿದ್ದಿದ್ದಳು. ಈಗ ನಿಜ ಹೇಳಿದರೆ ಸುಳ್ಳು ದಾಖಲೆಯ ಕೇಸು. ವಿಮೆಯೇ ರದ್ದಾದರೆ ಇಪ್ಪತ್ತಾರು ಮನೆಗಳ ಮೇಲೂ ಹೊರೆ...

"ಆ ಪುಟ ನೀವು ನೋಡೇ ಇಲ್ಲ ಅಂದ್ಕೊಳ್ಳಿ," ಎಂದಳು. "ನನಗೋಸ್ಕರ."

ಅವನು ಒಂದು ಹೆಜ್ಜೆ ಹಿಂದೆ ಸರಿದ.

"ಅದೊಂದನ್ನ ನನ್ನ ಹತ್ರ ಕೇಳಬೇಡಿ."

ಅರ್ಧ ಹೊಲಿದ ಚೀಲ ಎತ್ತಿಕೊಂಡು ಹೊರಟೇಬಿಟ್ಟ.

ಮುಂದಿನ ವಾರ ಬಂದವನು ಬೇರೆ ಸರ್ವೇಯರ್, ದಪ್ಪ ಮೀಸೆಯವನು. "ಅವರಾ? ಈ ಫೈಲು ನನಗೆ ಬೇಡ ಅಂತ ಬರೆದುಕೊಟ್ಟು ಬಿಟ್ರು," ಎಂದ.

'ನನ್ನ ಸುಳ್ಳನ್ನೂ ಬರೆದುಕೊಟ್ಟಿರಬೇಕು. ಇಂಥವಳ ಸಹವಾಸವೇ ಬೇಡ ಅಂತ ಕೈ ತೊಳೆದುಕೊಂಡ' ಎಂದುಕೊಂಡಳು ಅವಳು. ಎರಡು ದಿನ ಅಂಗಡಿ ತೆರೆಯಲಿಲ್ಲ. ಮೂರನೇ ದಿನ ಪುಸ್ತಕ ಹಿಡಿದು ಅಜ್ಜನ ಮಂಚದ ಬಳಿ ಹೋಗಿ ಎಲ್ಲವನ್ನೂ ಹೇಳಿ ಅತ್ತಳು.

ಅಜ್ಜ ಕನ್ನಡಕ ಹಾಕಿಕೊಂಡು ಪುಟ ನೋಡಿದ.

"ಇಪ್ಪತ್ತು ವರ್ಷ ತಪ್ಪಿಸ್ಕೊಂಡಿದ್ದೆ. ಬಿದ್ದಾಗ ಹಿಡಿದು ಹಾಕಿದ್ಯಲ್ಲೇ."

"ಇವರನ್ನ ಮದುವೆಗೆ ಒಪ್ಪಿಸೋಕೇ ಎರಡು ವರ್ಷ ಹಿಡೀತು," ಎಂದಳು ಮಂಚದ ಪಕ್ಕ ಕೂತಿದ್ದ ಅಜ್ಜನ ಹೆಂಡತಿ. "ನೀನು ಒಂದೇ ಗೆರೇಲಿ ಸಂಘಕ್ಕೆ ಸೇರಿಸಿಬಿಟ್ಯಾ ಮಗಳೇ?"

"ಅದಿರಲಿ, ಇಲ್ಲಿ ನನ್ನ ಸಹಿ ಎಲ್ಲಿದೆ?" ಅಜ್ಜ ಬೆರಳಿಟ್ಟು ತೋರಿಸಿದ. "ಎಲ್ಲರ ಮುಂದೂ ಸಹಿ ಇದೆ, ನನ್ನ ಮುಂದೆ ಇಲ್ಲ. ಸಹಿ ಇಲ್ಲದೆ ಒಂದು ರಿಜಿಸ್ಟರ್ ಕಾಗದ ಕೊಟ್ಟೋನಲ್ಲ ನಾನು. ಹೋಗು, ಇದ್ದದ್ದು ಇದ್ದ ಹಾಗೆ ಬರೆದುಕೊಡು."

ಸಂಘದ ಅಧ್ಯಕ್ಷರು ಬಣ್ಣದ ಅಂಗಡಿಯವರು. ಸುದ್ದಿ ಕೇಳಿ ತಲೆ ಮೇಲೆ ಕೈ ಹೊತ್ತರು. "ಬಾಯಿ ಮುಚ್ಕೊಂಡಿದ್ರೆ ಆಗ್ತಿತ್ತಲ್ಲಮ್ಮ. ಎಲ್ಲರ ಮನೆಗೂ ಕಲ್ಲು ಹಾಕ್ತೀಯಾ?"

"ಅಜ್ಜ ನಡೀಬೇಕು ಸರ್," ಎಂದಳು. ತಪ್ಪೊಪ್ಪಿಗೆ ಪತ್ರವನ್ನು ಮೀಸೆಯ ಸರ್ವೇಯರನ ಕೈಗೆ ಕೊಟ್ಟು, ಕಾರ್ಯದರ್ಶಿ ಕೆಲಸವನ್ನೂ ಬಿಟ್ಟಳು.

ಆಮೇಲಿನ ಹದಿನೆಂಟು ದಿನ ಬಾಗಿಲು ಸದ್ದಾದರೆ ಸಾಕು, ಕೈಯಿಂದ ಕತ್ತರಿ ಜಾರುತ್ತಿತ್ತು. ಪೊಲೀಸರೋ, ನೋಟೀಸೋ...

ಹತ್ತೊಂಬತ್ತನೇ ದಿನ ಮಧ್ಯಾಹ್ನ ಬಾಗಿಲಲ್ಲಿ ಅವನು ನಿಂತಿದ್ದ.

"ಅಜ್ಜನ ಕ್ಲೇಮು ಪಾಸಾಯ್ತು. ಇಷ್ಟಪಟ್ಟವರು ಸೇರೋ ಸಂಘ, ಸಹಿ ಹಾಕದೆ ಯಾರೂ ಸದಸ್ಯರಾಗಲ್ಲ. ಅಜ್ಜ ಹೊರಗಿನವರೇ. ಸುಳ್ಳನ್ನ ನೀವೇ ಮುಂದಾಗಿ ಒಪ್ಪಿಕೊಂಡ್ರಿ ಅಂತ ಕಂಪನಿಯವರು ಬರೀ ಎಚ್ಚರಿಕೆ ಪತ್ರ ಕೊಟ್ಟು ಸುಮ್ಮನಾಗಿದ್ದಾರೆ."

ಅವಳು ಕತ್ತರಿ ಕೆಳಗಿಟ್ಟಳು. ಮನಸ್ಸು ಹಗುರಾಯಿತು. ಹಿಂದೆಯೇ ಸಿಟ್ಟೂ ಬಂತು.

"ನೀವು ಮಾತ್ರ ನನ್ನ ಮೇಲೆ ಬರೆದುಕೊಟ್ಟು ಓಡಿಹೋದ್ರಿ."

"ನಿಮ್ಮ ಮೇಲೆ ಒಂದಕ್ಷರ ಬರೆದಿಲ್ಲ. ಫೈಲು ಯಾಕೆ ಬೇಡ ಅನ್ನೋದಕ್ಕೆ ಕಾರಣ ಬರೆದೆ, ಅಷ್ಟೇ."

"ಏನಂತ?"

ಅವನು ಹೊಸ್ತಿಲು ನೋಡುತ್ತ ಹೇಳಿದ.

"ನನಗೋಸ್ಕರ ಅಂದ್ರಲ್ಲ ಅವತ್ತು... ಹೂಂ ಅಂದುಬಿಡ್ತಿದ್ದೆ. ಹದಿಮೂರು ವರ್ಷದ ಕೆಲಸದಲ್ಲಿ ಯಾರಿಗೂ ಹಾಗನ್ನಿಸಿರಲಿಲ್ಲ. ಅದನ್ನೇ ಬರೆದೆ. ಈ ಕಾರ್ಯದರ್ಶಿ ಮೇಲೆ ನನಗೆ ಮನಸ್ಸಾಗಿದೆ, ಇವರ ವಿಷಯದಲ್ಲಿ ನನ್ನ ಮಾತು ನಂಬಬೇಡಿ ಅಂತ."

ಅವಳಿಗೆ ಕಣ್ಣು ತುಂಬಿ ಬಂತು, ಜೊತೆಗೆ ನಗುವೂ ಬಂತು.

"ಅಂದ್ರೆ ಆ ಮೀಸೆಯವರಿಗೂ ಗೊತ್ತಿತ್ತು?"

"ಇಡೀ ಆಫೀಸಿಗೆ ಗೊತ್ತು."

"ನನಗೊಬ್ಬಳಿಗೆ ಬಿಟ್ಟು."

"ಫೈಲು ಮುಚ್ಚೋ ತನಕ ಹೇಳೋ ಹಾಗಿರಲಿಲ್ಲ. ಇವತ್ತು ಬೆಳಿಗ್ಗೆ ಮುಚ್ಚಿದ್ರು. ನೇರ ಇಲ್ಲಿಗೇ ಬಂದೆ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕುರ್ಚಿಯ ಮೇಲಿನ ಬಟ್ಟೆಗಳನ್ನು ತೆಗೆದಿಟ್ಟಳು.

"ಆಫೀಸಿಗೆ ಬರೆದಿದ್ದು ಸಾಕು. ಒಳಗೆ ಬಂದು ಕೂತ್ಕೊಂಡು ನನಗೆ ಬಾಯಲ್ಲಿ ಹೇಳಿ."

"ಮೊದಲಿಂದಾನಾ?"

"ಮೊದಲಿಂದ. ನಿಧಾನವಾಗಿ ಹೇಳಿ, ನಾನು ಎಲ್ಲೂ ಹೋಗಲ್ಲ."